ಆಂಜು ದೊರೆಗಳ ದಫ್ತರ

ಇಟಲಿಯ ನೇಪಲ್ಸ್ ನಗರದ ಸರ್ಕಾರಿ ಪತ್ರಾಗಾರದವರು ಕೈಗೆತ್ತಿಕೊಂಡ ಒಂದು ಕೆಲಸಕ್ಕೆ ಇತಿಹಾಸದಲ್ಲಿ ಜೋಡಿ ಸಿಗುವುದು ಕಷ್ಟ. ಸುಟ್ಟು ಬೂದಿಯಾದ ವಹಿಗಳನ್ನು ಬೇರೆಯವರ ಟಿಪ್ಪಣಿಗಳಿಂದ ಹೆಕ್ಕಿ ಮತ್ತೆ ಕಟ್ಟುವ ಕೆಲಸ ಅದು. ಹೀಗೆ ಕಟ್ಟಿದ ಮೊದಲ ಸಂಪುಟ ಅಚ್ಚಾದದ್ದು 1950ರಲ್ಲಿ. 2025ಕ್ಕೆ ಅದಕ್ಕೆ 75 ತುಂಬಿತು. ಈ ನೆಪದಲ್ಲಿ ಫ್ರಾನ್ಸಿನಿಂದ ಬಂದು ಪರನಾಡಿನ ಸಿಂಹಾಸನ ಏರಿದ ಒಂದು ಮನೆತನವನ್ನೂ ಅದು ಬಿಟ್ಟುಹೋದ ದಫ್ತರವನ್ನೂ ನೆನೆಯಬೇಕು. ನನ್ನನ್ನು ಕೇಳಿದರೆ, ಮನೆತನಕ್ಕಿಂತ ದಫ್ತರದ ಕತೆಯೇ ದೊಡ್ಡದು.

ಫ್ರಾನ್ಸಿನ ದೊರೆ ಒಂಬತ್ತನೇ ಲೂಯಿಯ ಕಡೆಯ ತಮ್ಮ ಚಾರ್ಲ್ಸ್. ಕಿರಿಯವನಾದ್ದರಿಂದ ಪಟ್ಟದ ಆಸೆ ಇಟ್ಟುಕೊಳ್ಳುವಂತಿರಲಿಲ್ಲ. ಪಾಲಿಗೆ ಬಂದದ್ದು ಆಂಜು ಸೀಮೆ. 1246ರ ಮದುವೆಯಿಂದ ಪ್ರೊವಾನ್ಸ್ ಸೀಮೆಯೂ ಕೈಸೇರಿತು. ಆಗ ದಕ್ಷಿಣ ಇಟಲಿ ಮತ್ತು ಸಿಸಿಲಿಯನ್ನು ಆಳುತ್ತಿದ್ದ ಜರ್ಮನ್ ಮೂಲದ ಹೋಹೆನ್‌ಸ್ಟೌಫನ್ ವಂಶಕ್ಕೂ ಪೋಪರಿಗೂ ಎಣ್ಣೆ ಸೀಗೆಕಾಯಿ. ಆ ವಂಶವನ್ನು ಕಿತ್ತೊಗೆಯಬಲ್ಲ ಗಂಡಾಳನ್ನು ಹುಡುಕುತ್ತಿದ್ದ ಪೋಪ್ ಪೀಠದಲ್ಲಿ ಒಬ್ಬರ ಹಿಂದೊಬ್ಬರಂತೆ ಇಬ್ಬರು ಫ್ರೆಂಚರು ಕೂತರು. ಚಾರ್ಲ್ಸನ ನಸೀಬು ಖುಲಾಯಿಸಿತು. 1266ರ ಜನವರಿ 6ರಂದು ರೋಮಿನಲ್ಲಿ ಕಿರೀಟಧಾರಣೆ. ಫೆಬ್ರವರಿ 26ರಂದು ಬೆನೆವೆಂತೊ ಕಾಳಗದಲ್ಲಿ ಹೋಹೆನ್‌ಸ್ಟೌಫನ್ ವಂಶದ ಎದುರಾಳಿ ಮ್ಯಾನ್‌ಫ್ರೆಡ್ ಹತನಾದ. ಎರಡು ವರ್ಷದ ಮೇಲೆ ತಾತನ ರಾಜ್ಯ ಕೇಳಿಕೊಂಡು ಬಂದ ಅದೇ ವಂಶದ ಕಾನ್ರಾಡಿನ್‌ ಎಂಬ ಹದಿನಾರರ ಹುಡುಗನ ತಲೆಯನ್ನು ಚಾರ್ಲ್ಸ್ ನೇಪಲ್ಸಿನ ಸಂತೆಮೈದಾನದಲ್ಲಿ ಕಡಿಸಿದ. ಚಾರ್ಲ್ಸನ ಗುಣಗಾನ ಮಾಡುವವರೂ ಈ ಒಂದು ಕಡೆ ದನಿ ತಗ್ಗಿಸುತ್ತಾರೆ.

ಗೆದ್ದವನು ಹಳೆಯ ಕಚೇರಿಯನ್ನು ಮಾತ್ರ ಕೆಡವಲಿಲ್ಲ. ನಾರ್ಮನ್ನರ ಕಾಲದಿಂದ ಬೆಳೆದು ಕಾನ್ರಾಡಿನ್ನನ ತಾತ ಎರಡನೇ ಫ್ರೆಡರಿಕ್ ಚಕ್ರವರ್ತಿಯ ಕೈಯಲ್ಲಿ ಪಳಗಿದ್ದ ಕಾರಭಾರದ ಪದ್ಧತಿಯನ್ನು ಹಾಗೇ ಇಟ್ಟುಕೊಂಡ. ದಂಡನಾಯಕರು, ಜಿಲ್ಲೆಯ ಅಧಿಕಾರಿಗಳು ಫ್ರಾನ್ಸಿನಿಂದ ಬಂದರು. ಬರೆಯುವ ಕೈಗಳಲ್ಲಿ ಸ್ಥಳೀಯರೇ ಬಹಳ. ಭಾಷೆ ಲ್ಯಾಟಿನ್, ಖಜಾನೆಯ ಕೆಲವು ಲೆಕ್ಕ ಫ್ರೆಂಚಿನಲ್ಲಿ. ಅರಮನೆಯಿಂದ ಹೊರಡುವ ಆಜ್ಞೆ ಮುದ್ರೆ ಬೀಳುವ ಮೊದಲು ತೊಗಲ ಹಾಳೆಯ ವಹಿಯಲ್ಲಿ ನಕಲಾಗಬೇಕು. ಸೆಪ್ಟೆಂಬರಿನಿಂದ ಆಗಸ್ಟಿಗೆ ಒಂದು ವರ್ಷದ ಲೆಕ್ಕ. ಈ ವಹಿಗಳೇ ಆಂಜು ದಫ್ತರ.

ಅದರಲ್ಲಿ ಏನಿತ್ತು ಅನ್ನುವುದಕ್ಕೆ ಒಂದು ಪ್ರಸಂಗ. ಪರ್ಷಿಯದ ವೈದ್ಯ ಅಲ್ ರಾಝಿಯ ಅರಬ್ಬೀ ವೈದ್ಯಗ್ರಂಥ 'ಅಲ್ ಹಾವಿ' ಟ್ಯುನಿಸ್ಸಿನ ಸುಲ್ತಾನನಿಂದ ಚಾರ್ಲ್ಸನಿಗೆ ಬಂತು. ಸಿಸಿಲಿಯ ಜಿರ್ಜೆಂತಿ ಊರಿನ ಯಹೂದಿ ಫರಜ್ ಬಿನ್ ಸಾಲಿಂ ಅದನ್ನು ಲ್ಯಾಟಿನ್‌ಗೆ ತಂದು 1279ರಲ್ಲಿ ಮುಗಿಸಿದ. ಭಾರಿ ಗ್ರಂಥ. ಅನುವಾದ ಮಾಡಿದವನಿಗೆ ಕೊಟ್ಟ ಸಂಬಳ, ಪ್ರತಿ ಬರೆದ ಲಿಪಿಕಾರರ ಕೂಲಿ, ತೊಗಲು ಕೊಂಡ ದುಡ್ಡು, ಚಿತ್ರ ಬರೆದ ಜೊವಾನ್ನಿ ಎಂಬ ಸಂನ್ಯಾಸಿಯ ಸಂಗತಿ ಎಲ್ಲವೂ ವಹಿಗಳಲ್ಲಿದ್ದವು. ರಾಜನಿಗಾಗಿ ಸಿದ್ಧವಾದ ಪ್ರತಿ ಈಗ ಪ್ಯಾರಿಸ್ಸಿನ ರಾಷ್ಟ್ರೀಯ ಗ್ರಂಥಾಲಯದಲ್ಲಿದೆ. ಸುಲ್ತಾನನ ದೂತರ ಕೈಯಿಂದ ಚಾರ್ಲ್ಸ್ ಗ್ರಂಥ ಪಡೆಯುವ ಪುಟ್ಟ ಚಿತ್ರವೂ ಅದರಲ್ಲುಂಟು. ಫ್ರೆಂಚ್ ದೊರೆ, ಮುಸ್ಲಿಂ ಸುಲ್ತಾನ, ಯಹೂದಿ ಅನುವಾದಕ, ಕ್ರೈಸ್ತ ಸಂನ್ಯಾಸಿ. ಇವರನ್ನು ಒಂದೆಡೆ ಕೂಡಿಸಿದ್ದು ಗುಮಾಸ್ತರ ಜಮಾಖರ್ಚು.

ನೇಪಲ್ಸ್ ಕಡಲದಂಡೆಯ ಹೊಸಕೋಟೆಯ ಕೆಲಸ 1279ರಲ್ಲಿ ಶುರುವಾಯಿತು. ಕಲ್ಲು, ಸುಣ್ಣ, ಮರಮುಟ್ಟು, ಆಳುಕಾಳಿನ ಲೆಕ್ಕವೂ ಇಲ್ಲೇ. ಮುಂದೆ ಚಾರ್ಲ್ಸನ ಮೊಮ್ಮಗ ರಾಬರ್ಟ್ ದೊರೆಯ ಕಾಲದಲ್ಲಿ, 1328ರಿಂದ 1333ರವರೆಗೆ, ಮಹಾ ಚಿತ್ರಕಾರ ಜೊತ್ತೊ ಇದೇ ಕೋಟೆಯ ಪ್ರಾರ್ಥನಾಲಯದಲ್ಲಿ ಕೆಲಸ ಮಾಡಿದ. ಚಿತ್ರಗಳು ಬಹುಪಾಲು ಅಳಿದವು, ಅವಕ್ಕೆ ಹಣ ಸಂದಾಯವಾದ ಮೂಲ ದಾಖಲೆಯೂ ಈಗಿಲ್ಲ. ಹಿಂದೆ ಯಾರೋ ಇಳಿಸಿಕೊಂಡ ನಕಲನ್ನು ನಂಬಿಕೊಂಡು ನಾವು ಜೊತ್ತೊ ನೇಪಲ್ಸಿಗೆ ಬಂದಿದ್ದನೆನ್ನುತ್ತೇವೆ.

ದೊರೆಯ ಯುದ್ಧದ ಹಂಬಲಕ್ಕೆ ಕಂದಾಯದ ಮೇಲೆ ಕಂದಾಯ ಬಿತ್ತು. ಅದರ ಆಜ್ಞೆಗಳೂ ದಂಡಿಯಾಗಿ ವಹಿಗೇರಿದವು. ಫ್ರೆಂಚ್ ಅಧಿಕಾರಿಗಳ ದರ್ಪವೂ ಸೇರಿ 1282ರ ಮಾರ್ಚ್ 30ರ ಸಂಜೆ ಪಲೆರ್ಮೊದಲ್ಲಿ ಜನ ತಿರುಗಿಬಿದ್ದರು. ಸಿಸಿಲಿ ದ್ವೀಪ ಅರಗಾನಿನ ದೊರೆಯ ಪಾಲಾಯಿತು. ಆಂಜುಗಳಿಗೆ ನೇಪಲ್ಸ್ ಉಳಿಯಿತು.

ದ್ವೀಪ ಹೋಯಿತೆಂದು ಮನೆತನದ ಹರಹು ಕುಗ್ಗಲಿಲ್ಲ. ಚಾರ್ಲ್ಸ್ 1272ರಲ್ಲಿ ಅಲ್ಬೇನಿಯದ ರಾಜನೆಂದು ಕರೆಸಿಕೊಂಡಿದ್ದ, 1277ರಲ್ಲಿ ಜೆರುಸಲೇಮಿನ ರಾಜತ್ವದ ಹಕ್ಕನ್ನು ದುಡ್ಡು ಕೊಟ್ಟು ಕೊಂಡಿದ್ದ. ಮಗ ಎರಡನೇ ಚಾರ್ಲ್ಸ್ ಹಂಗೆರಿಯ ರಾಜಕುಮಾರಿ ಮರಿಯಾಳನ್ನು ಮದುವೆಯಾದ. ಆ ನೆಂಟಸ್ತಿಕೆಯ ಹಕ್ಕಿನ ಮೇಲೆ ಈ ಎರಡನೇ ಚಾರ್ಲ್ಸನ ಮೊಮ್ಮಗ ಚಾರ್ಲ್ಸ್ ರಾಬರ್ಟ್ ಹಂಗೆರಿಯ ದೊರೆಯಾದ. ಅವನ ಮಗ ಲೂಯಿ 1370ರಲ್ಲಿ ಪೋಲೆಂಡಿಗೂ ದೊರೆ. ಲೂಯಿಯ ಮಗಳು ಯಾದ್ವಿಗಾಗೆ 1384ರಲ್ಲಿ ಕ್ರಕೋವಿನಲ್ಲಿ ಪಟ್ಟವಾದಾಗ ರಾಣಿಯೆಂದಲ್ಲ, ರಾಜನೆಂದೇ ಕಿರೀಟವಿಟ್ಟರು. ನೇಪಲ್ಸಿನಲ್ಲಿ ಮಾತ್ರ ಕಡೆಕಡೆಗೆ ಬರೀ ದಾಯಾದಿ ಜಗಳ. 1442ರಲ್ಲಿ ಅರಗಾನಿನ ಅಲ್ಫೊನ್ಸೊ ನಗರ ಹಿಡಿದ, ಆಂಜು ಆಳ್ವಿಕೆ ಮುಗಿಯಿತು.

ದೊರೆಗಳು ಹೋದರೂ ವಹಿಗಳು ಟಂಕಸಾಲೆಯ ವಶದಲ್ಲಿ ಉಳಿದವು. ಅವನ್ನು ಇಂದಿನ ಪತ್ರಾಗಾರಕ್ಕೆ ಸೇರಿಸಿದ್ದು ಮತ್ತೊಬ್ಬ ಫ್ರೆಂಚನೇ: ಹೋಟೆಲಿನವನ ಮಗನಾಗಿ ಹುಟ್ಟಿ, ನೆಪೋಲಿಯನ್ನನ ತಂಗಿಯ ಕೈಹಿಡಿದು ನೇಪಲ್ಸಿನ ದೊರೆಯಾದ ಮ್ಯೂರಾ. ರಾಜ್ಯಕ್ಕೊಂದು ಸಾಮಾನ್ಯ ಪತ್ರಾಗಾರ ಇರಲೆಂದು 1808ರಲ್ಲಿ ಅಪ್ಪಣೆ ಹೊರಡಿಸಿದ. ಮುಂದೆ ಅದು ಸಂತ ಸೆವೆರಿನೊ ಮತ್ತು ಸೊಸ್ಸಿಯೊ ಹೆಸರಿನ ಹಳೆಯ ಬೆನೆಡಿಕ್ಟೀನ್ ಮಠಕ್ಕೆ ಬಂತು. ಈಗಲೂ ಅಲ್ಲೇ ಇದೆ. ಉಳಿದಿದ್ದ ವಹಿಗಳು 378. ಹಿಂದಿನ ಶತಮಾನಗಳಲ್ಲಿ ರಟ್ಟು ಕಟ್ಟಿದವರು ಯಾವ ವರ್ಷದ ಹಾಳೆಯನ್ನು ಯಾವುದಕ್ಕೋ ಸೇರಿಸಿ ಕಲಸಿಬಿಟ್ಟಿದ್ದರು. ಇತಿಹಾಸಕಾರ ಬಾರ್ತೊಲೊಮೆಯೊ ಕಪಾಸೊ ಹಾಳೆಹಾಳೆಯನ್ನೂ ನೋಡಿ, ಕಾಲಾನುಕ್ರಮದ ಒಂದು ಪಟ್ಟಿ ಮಾಡಿ 1894ರಲ್ಲಿ ಅಚ್ಚು ಹಾಕಿಸಿದರು. ಓದಲು ಬಲು ಬೇಸರದ ಪುಸ್ತಕ. ಆದರೆ ಮುಂದೆ ಎಲ್ಲವೂ ನಿಂತದ್ದು ಅದರ ಮೇಲೆ.

ಎರಡನೇ ಮಹಾಯುದ್ಧದಲ್ಲಿ ನೇಪಲ್ಸಿನ ಮೇಲೆ ಬಾಂಬು ಬೀಳತೊಡಗಿತು. ಪತ್ರಾಗಾರದ ನಿರ್ದೇಶಕ ರಿಕಾರ್ದೊ ಫಿಲಾಂಜಿಯೇರಿ ಅಮೂಲ್ಯವಾದ ದಾಖಲೆಗಳನ್ನು ನೋಲ ಹತ್ತಿರದ ಸಾನ್ ಪಾವೊಲೊ ಬೆಲ್ಸಿತೊ ಊರಿನ ಮೊಂತೆಸಾನೊ ಬಂಗಲೆಗೆ ಸಾಗಿಸಿದರು. ಹಳ್ಳಿಯ ಬಂಗಲೆಗೆ ಯಾರು ಬಾಂಬು ಹಾಕುತ್ತಾರೆ? ಲೆಕ್ಕ ಸರಿಯೇ ಇತ್ತು. 1943ರ ಸೆಪ್ಟೆಂಬರ್ ಕೊನೆಗೆ ನೇಪಲ್ಸಿನ ಜನ ಜರ್ಮನ್ ಸೇನೆಯ ವಿರುದ್ಧ ನಾಲ್ಕು ದಿನ ಬೀದಿಕಾಳಗ ಮಾಡಿದರು, ಸೇನೆ ಕಾಲ್ತೆಗೆಯುತ್ತಿತ್ತು. ಸೆಪ್ಟೆಂಬರ್ 30ರಂದು ಸೈನಿಕರ ಒಂದು ತುಕಡಿ ಬಂಗಲೆಗೆ ಬಂತು. ಇವು ಇತಿಹಾಸದ ಕಾಗದಗಳು, ಮುಟ್ಟಬೇಡಿ ಎಂದು ಫಿಲಾಂಜಿಯೇರಿ ಬರೆದ ಪತ್ರಕ್ಕೆ ಬೆಲೆ ಸಿಗಲಿಲ್ಲ. ಬೆಂಕಿ ಇಟ್ಟರು. 378 ವಹಿಗಳೂ ಹೋದವು. ಫ್ರೆಡರಿಕ್ ಚಕ್ರವರ್ತಿಯದೆಂದು ಉಳಿದಿದ್ದ 1239-40ರ ಏಕೈಕ ವಹಿಯೂ ಹೋಯಿತು. ಅಲ್ಲಿದ್ದವರ ಕೈಗೆ ಸಿಕ್ಕಿ ಉಳಿದದ್ದು ಕೆಲವೇ ಪೆಟ್ಟಿಗೆ. ಮಿತ್ರಪಡೆಗಳು ನೇಪಲ್ಸ್ ಹೊಕ್ಕದ್ದು ಮರುದಿನ.

ಅಳುತ್ತ ಕೂರದೆ ಫಿಲಾಂಜಿಯೇರಿ ಊರೂರಿಗೆ ಕಾಗದ ಹಾಕಿದರು: ಈ ವಹಿಗಳನ್ನು ಎಂದಾದರೂ ನೋಡಿ ನಕಲು ಮಾಡಿಕೊಂಡಿದ್ದರೆ ನಿಮ್ಮ ಬಳಿ ಇರುವುದನ್ನೆಲ್ಲ ಕೊಡಿ. ಆಂಜುಗಳು ಊರೂರಿನ ಸಿಂಹಾಸನಗಳಿಗೆ ಕೈಚಾಚಿದ್ದು ಆಗ ಫಲ ಕೊಟ್ಟಿತು. ತಮ್ಮ ದೊರೆಗಳ ಮೂಲ ಹುಡುಕಿಕೊಂಡು 19ನೇ ಶತಮಾನದಲ್ಲೇ ಬಂದಿದ್ದ ಹಂಗೆರಿಯ ವಿದ್ವಾಂಸರು ತಮಗೆ ಬೇಕಾದದ್ದನ್ನು ನಕಲಿಸಿ ಅಚ್ಚು ಹಾಕಿಸಿದ್ದರು. ಅಲ್ಬೇನಿಯಕ್ಕೆ ಸಂಬಂಧಿಸಿದ್ದು 1913ರಿಂದ ಪ್ರಕಟವಾದ ಒಂದು ಸಂಗ್ರಹದಲ್ಲಿತ್ತು. ಫ್ರೆಂಚಿನಲ್ಲಿದ್ದ ಲೆಕ್ಕಪತ್ರಗಳನ್ನು ಫ್ರಾನ್ಸಿನ ಅಲೈನ್ ದ ಬುವಾರ್ 1930ರ ದಶಕದಲ್ಲಿ ಹೊರತಂದಿದ್ದರು. ದಕ್ಷಿಣ ಇಟಲಿಯ ಲುಚೇರಾ ಊರಿನ ಮುಸ್ಲಿಮರ ಕುರಿತ ದಾಖಲೆಗಳನ್ನು ಪಿಯೆತ್ರೊ ಎಜಿದಿ ಸಂಪಾದಿಸಿದ್ದರು. ಕೋಟೆಗಳ ಬಗ್ಗೆ ಗುಡ್ಡೆಗಟ್ಟಲೆ ಟಿಪ್ಪಣಿ ಮಾಡಿಟ್ಟಿದ್ದವರು ಎಡ್ವರ್ಡ್ ಸ್ತಾಮರ್, ಜರ್ಮನ್ನರೇ. ಜರ್ಮನ್ ಸೈನಿಕರು ಸುಟ್ಟದ್ದನ್ನು ಮತ್ತೆ ಓದಲು ಬರ್ಲಿನ್ನಿನಲ್ಲಿ ಉಳಿದ ಅವರ ಕಾಗದಪತ್ರ ನೆರವಾಯಿತು.

ಸಿಕ್ಕ ಪ್ರತಿ ತುಣುಕನ್ನೂ ಕಪಾಸೊ ಪಟ್ಟಿಯ ಪ್ರಕಾರ ಅದರದರ ವಹಿ, ಅದರದರ ಹಾಳೆಯ ಜಾಗದಲ್ಲಿ ಕೂರಿಸಬೇಕು. ಕೆಲವು ಕಡೆ ಇಡೀ ಆಜ್ಞೆ, ಕೆಲವು ಕಡೆ ಒಂದೇ ಸಾಲಿನ ಸಾರಾಂಶ. ನಕಲು ಮಾಡಿದವರಿಗೆ ತಂತಮ್ಮ ಗರಜು. ಒಬ್ಬರಿಗೆ ವಂಶಾವಳಿ, ಮತ್ತೊಬ್ಬರಿಗೆ ಕೋಟೆ. ಹೀಗಾಗಿ ಸಂಸ್ಥಾಪಕ ಚಾರ್ಲ್ಸನ ವರ್ಷಗಳು ಒತ್ತಾಗಿ ತುಂಬಿವೆ, ಯಾರಿಗೂ ಬೇಡವಾಗಿದ್ದ ಬಡ ರೈತನ ಅರ್ಜಿಯಂಥವು ಹೋದದ್ದು ಹೋದವೇ.

ನೇಪಲ್ಸಿನ ಪೊಂತಾನಿಯಾನಾ ಅಕಾಡೆಮಿ ಈವರೆಗೆ ಸುಮಾರು ಐವತ್ತು ಸಂಪುಟ ಹೊರತಂದಿದೆ. ಇಷ್ಟಾದರೂ ಕೆಲಸ ಎರಡನೇ ಚಾರ್ಲ್ಸನ ಕಾಲದ ಆಚೆ ಹೋಗಿಲ್ಲ. 1309ರಿಂದ 1343ರವರೆಗೆ ಆಳಿದ ರಾಬರ್ಟನ ಸರದಿ ಬರಬೇಕು. ಆಮೇಲೆ ಅವನ ಮೊಮ್ಮಗಳು ಒಂದನೇ ಜೊವಾನ್ನಳದು. ಅವಳ ವಿಷಯದಲ್ಲಿ ಸಂಪಾದಕರಿಗೊಂದು ಅನುಕೂಲವಿದೆ. ಫ್ರೆಂಚ್ ಇತಿಹಾಸಕಾರ ಎಮಿಲ್ ಲೆಯೊನಾರ್ ಬೆಂಕಿ ಬೀಳುವ ಮೊದಲೇ ವಹಿಗಳ ಮುಂದೆ ಕೂತು ಓದಿ ಅವಳ ಬಗ್ಗೆ ಮೂರು ಸಂಪುಟ ಬರೆದರು. ಈಗ ಆ ಪುಸ್ತಕವನ್ನು ತೆರೆಯುವವರು ಮೊದಲು ನೋಡುವುದು ಅಡಿಟಿಪ್ಪಣಿಗಳನ್ನು.