ಕಾಲಾಂತರ ರಕ್ತಮೂತ್ರ: ಒಂದು ನಿದಾನದ ಚರಿತ್ರೆ

೧

ತುಂಗಭದ್ರೆಯ ಬಲದಂಡೆಗೂ ಅದರ ಮೂಡಣ ಬಯಲಿಗೂ ಹಬ್ಬಿರುವ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಎಂಬ ಐದು ತಾಲ್ಲೂಕುಗಳು ೨೦೨೧ರಿಂದ ವಿಜಯನಗರ ಜಿಲ್ಲೆಗೆ ಸೇರಿರುವುವು. ಬಿಸಿಲು ಹೆಚ್ಚು, ಮಳೆ ಕಡಮೆಯಾದ ನಾಡು. ಹೊಲದ ದುಡಿಮೆಯೇ ಬಹುಜನರ ಜೀವನ. ಕನ್ನಡದ ಬಯಲುಸೀಮೆಯಲ್ಲಿ ಮೂತ್ರವು ಉರಿದರೂ ಕೆಂಪೇರಿದರೂ ‘ಉಷ್ಣವಾಗಿದೆ’ ಎನ್ನುವುದು ವಾಡಿಕೆ. ಈ ಮಾತು ನಿರಾಧಾರವಾದುದಲ್ಲ. ಸುಶ್ರುತಸಂಹಿತೆಯ ಉತ್ತರತಂತ್ರದಲ್ಲಿ ಮೂತ್ರಾಘಾತಗಳನ್ನು ಎಣಿಸುವಾಗ ‘ಉಷ್ಣವಾತ’ವೆಂಬುದೊಂದು ಹೇಳಲ್ಪಟ್ಟಿದೆ. ಅತಿಶ್ರಮ, ದಾರಿನಡೆ, ಬಿಸಿಲು ಇವುಗಳಿಂದ ಕೆರಳಿದ ಪಿತ್ತವು ವಾಯುವಿನೊಡನೆ ವಸ್ತಿಯನ್ನು ಹೊಕ್ಕು, ಮೂತ್ರವನ್ನು ಅರಿಸಿನದ ಬಣ್ಣಕ್ಕಾಗಲಿ ರಕ್ತದ ಬಣ್ಣಕ್ಕಾಗಲಿ ತಿರುಗಿಸಿ ಉರಿಯನ್ನುಂಟುಮಾಡುವುದೆಂದು ಅಲ್ಲಿಯ ನಿರೂಪಣೆ. ಶಾಸ್ತ್ರವು ಹೇಳಿದುದನ್ನೇ ಒಕ್ಕಲಿಗನ ಮಾತು ಸಂಕ್ಷೇಪವಾಗಿ ಉಳಿಸಿಕೊಂಡಿದೆ.

ಆದರೆ ಒಂದು ಪ್ರಸಂಗದಲ್ಲಿ ಈ ರೂಢಿಯ ಮಾತು ಪ್ರಾಣಕ್ಕೆ ಎರವಾಗಬಲ್ಲುದು. ಗರ್ಭಾಶಯದ ಕಂಠದಲ್ಲಿ ಅರ್ಬುದವಾಗಿ, ಕಿರಣಚಿಕಿತ್ಸೆಯಿಂದ ಗುಣಹೊಂದಿ, ಮನೆಗೆ ಮರಳಿ ದುಡಿಮೆಯಲ್ಲಿ ತೊಡಗಿದ ಸ್ತ್ರೀಗೆ ಮೂರೋ ಐದೋ ಹತ್ತೋ ವರ್ಷಗಳ ತರುವಾಯ ಮೂತ್ರದಲ್ಲಿ ರಕ್ತ ಕಾಣಿಸಿಕೊಳ್ಳುವುದುಂಟು. ಅದನ್ನು ಬಿಸಿಲಿನ ಉಷ್ಣವೆಂದು ಬಗೆದು ತಂಪಿನ ಪಾನಕದಲ್ಲಿಯೇ ಕಾಲ ಕಳೆದರೆ ಕೇಡು. ಹಳೆಯ ಅರ್ಬುದವೇ ಮರಳಿತೆಂದು ಪರೀಕ್ಷೆಯಿಲ್ಲದೆ ಕೈಚೆಲ್ಲಿದರೂ ಕೇಡೇ. ಕಾರಣಕ್ಕೂ ಕಾರ್ಯಕ್ಕೂ ನಡುವೆ ಇಷ್ಟು ಕಾಲದ ಅಂತರವಿರುವ ವ್ಯಾಧಿಯನ್ನು ಗುರುತಿಸುವ ದಾರಿ ಯಾವುದು, ಆ ದಾರಿಯು ನಮ್ಮ ಭಾಷೆಯಲ್ಲಿ ಎಲ್ಲಿಂದ ಬಂದಿದೆ ಎಂಬುದೇ ಇಲ್ಲಿಯ ವಿಚಾರ.

೨

ರಕ್ತಮೂತ್ರವೆಂಬುದು ಲಕ್ಷಣವೇ ಹೊರತು ವ್ಯಾಧಿಯಲ್ಲವೆಂಬ ತಿಳಿವಳಿಕೆ ಪ್ರಾಚೀನ ವೈದ್ಯರಲ್ಲಿ ಸ್ಪಷ್ಟವಾಗಿತ್ತು. ಮೇಲೆ ಹೇಳಿದ ಉಷ್ಣವಾತದಲ್ಲಿ ಅದು ಉಂಟು. ಅಶ್ಮರಿಯಲ್ಲಿ ಕಲ್ಲು ತಾಗಿ ವಸ್ತಿಯು ಗಾಯಗೊಂಡಾಗ ಉಂಟು. ಪಿತ್ತಜವಾದ ಪ್ರಮೇಹಗಳಲ್ಲೊಂದರಲ್ಲಿ ಉಂಟು. ಅಧೋಗ ರಕ್ತಪಿತ್ತದಲ್ಲಿ ಉಂಟು. ಹೀಗಿರಲು ಇವುಗಳನ್ನು ಬೇರ್ಪಡಿಸುವುದು ಹೇಗೆ? ಚರಕಸಂಹಿತೆಯ ಪ್ರಮೇಹಚಿಕಿತ್ಸಾಧ್ಯಾಯದಲ್ಲಿ ಇದಕ್ಕೆ ಒಂದು ನಿಯಮವಿದೆ. ಅರಿಸಿನದಂತೆಯೋ ರಕ್ತದಂತೆಯೋ ಮೂತ್ರವಿಸರ್ಜನೆ ಮಾಡುವವನಲ್ಲಿ ಪ್ರಮೇಹದ ಪೂರ್ವರೂಪಗಳು ಮೊದಲು ಕಂಡಿರದಿದ್ದರೆ ಅವನನ್ನು ಪ್ರಮೇಹಿಯೆನ್ನಬಾರದು, ಅದು ರಕ್ತಪಿತ್ತದ ಪ್ರಕೋಪವೆಂದು ತಿಳಿಯತಕ್ಕದ್ದು ಎಂದು ಅದರ ತಾತ್ಪರ್ಯ.

ಈ ನಿಯಮವು ಗಮನಾರ್ಹವಾದುದು. ಎರಡು ಪಾತ್ರೆಗಳಲ್ಲಿರುವ ಮೂತ್ರದ ಬಣ್ಣವೊಂದೇ, ನೋಟದಿಂದ ಭೇದವಿಲ್ಲ. ಭೇದವಿರುವುದು ರೋಗಿಯ ಹಿಂದಣ ವೃತ್ತಾಂತದಲ್ಲಿ. ಇಂದು ಕಾಣುವ ಚಿಹ್ನೆಗೆ ನಿನ್ನೆಯ ಚರಿತ್ರೆಯೇ ಪ್ರಮಾಣವೆಂದು ಚರಕನು ಸಾರಿದಂತಾಯಿತು. ಅಲ್ಲದೆ ರಕ್ತಪಿತ್ತದ ಸಾಧ್ಯಾಸಾಧ್ಯ ವಿಚಾರದಲ್ಲಿ, ಮೇಲ್ಮುಖವಾಗಿ ಹರಿಯುವುದು ಸಾಧ್ಯ, ಕೆಳಮುಖವಾಗಿ ಹರಿಯುವುದು ಯಾಪ್ಯ, ಎರಡು ಮಾರ್ಗಗಳಲ್ಲಿಯೂ ಹರಿಯುವುದು ಅಸಾಧ್ಯವೆಂದು ವಿಭಾಗಿಸಿದ್ದಾನೆ. ಯಾಪ್ಯವೆಂದರೆ ಬುಡಸಹಿತ ಕೀಳಲು ಬಾರದುದು, ಆದರೆ ಎಚ್ಚರದಿಂದ ನಡಸಿಕೊಂಡು ಹೋದರೆ ರೋಗಿಯನ್ನು ಬದುಕಲು ಬಿಡುವಂಥದು. ಮೂತ್ರಮಾರ್ಗದಿಂದ ನೋವಿನೊಡನೆ ಹರಿಯುವ ರಕ್ತಕ್ಕೆ ಹಲವುಮಕ್ಕಳತಾಯಿ ಬೇರು, ನೆಗ್ಗಿಲು ಇವುಗಳಿಂದ ಪಕ್ವವಾದ ಹಾಲನ್ನು ಅವನು ವಿಧಿಸಿರುವುದೂ ಯಾಪನದ ದೃಷ್ಟಿಯಿಂದಲೇ ಎನ್ನಬಹುದು.

ಈ ವಿದ್ಯೆಯು ಕನ್ನಡಕ್ಕೆ ಬಹು ಹಿಂದೆಯೇ ಇಳಿದುಬಂದಿತು. ಕ್ರಿ. ಶ. ಹನ್ನೆರಡನೆಯ ಶತಮಾನದಲ್ಲಿ ಜಗದ್ದಳ ಸೋಮನಾಥನು ಪೂಜ್ಯಪಾದರ ಕಲ್ಯಾಣಕಾರಕವನ್ನು ಕನ್ನಡಿಸಿದನು. ಬಳ್ಳಿಗಾವೆಯ ಕೋಡಿಯ ಮಠದ ೧೧೬೨ರ ಶಾಸನದಲ್ಲಿ ಆ ಮಠವು ವಿದ್ಯಾಸ್ಥಾನವಾಗಿದ್ದಂತೆಯೇ ರೋಗಿಗಳಿಗೆ ಔಷಧವನ್ನು ಕೊಡುವ ಸ್ಥಾನವೂ ಆಗಿದ್ದಿತೆಂದು ವರ್ಣನೆಯಿದೆ. ಹದಿನಾಲ್ಕನೆಯ ಶತಮಾನದಲ್ಲಿ, ವಿಜಯನಗರವು ಉದಯಿಸಿದ ಕಾಲಕ್ಕೆ, ಮಂಗರಾಜನು ವಿಷವೈದ್ಯವನ್ನು ಕುರಿತು ಖಗೇಂದ್ರಮಣಿದರ್ಪಣವನ್ನು ರಚಿಸಿದನು. ದಕ್ಷಿಣದ ವೈದ್ಯರಲ್ಲಿ ಬಹು ಪ್ರಚಾರದಲ್ಲಿರುವ, ತೆಲುಗು ತಾತ್ಪರ್ಯದಿಂದ ಕೂಡಿದ ಬಸವರಾಜೀಯವನ್ನು ಬರೆದವನು ನೀಲಕಂಠ ಕೊಟ್ಟೂರು ಬಸವರಾಜ. ಕೊಟ್ಟೂರೆಂಬ ಗ್ರಾಮಗಳು ಆಂಧ್ರದೇಶದಲ್ಲಿಯೂ ಹಲವು ಇರುವುದರಿಂದ, ಹೆಸರಿನ ಸಾಮ್ಯವೊಂದನ್ನೇ ಹಿಡಿದು ಅವನನ್ನು ಕೊಟ್ಟೂರೇಶ್ವರನ ಈ ಕೊಟ್ಟೂರಿನವನೆಂದು ನಿರ್ಧರಿಸುವುದು ಸಲ್ಲದು. ಹೆಸರಿನ ಸಾಮ್ಯದಿಂದ ವ್ಯಕ್ತಿಯೂ ಲಕ್ಷಣದ ಸಾಮ್ಯದಿಂದ ವ್ಯಾಧಿಯೂ ನಿಶ್ಚಯವಾಗಲಾರವು. ಎರಡೆಡೆಯಲ್ಲಿಯೂ ಬೇಕಾದುದು ಪೂರ್ವವೃತ್ತದ ಶೋಧನೆ.

೩

ಕಿರಣಗಳ ಚರಿತ್ರೆಯು ಈಚಿನದು. ೧೮೯೫ರಲ್ಲಿ ರಂಟ್‌ಗೆನ್ ಪಂಡಿತನು ಕ್ಷ-ಕಿರಣಗಳನ್ನು ಕಂಡುಹಿಡಿದನು. ೧೮೯೮ರಲ್ಲಿ ಕ್ಯೂರಿ ದಂಪತಿಗಳು ರೇಡಿಯಂ ಧಾತುವನ್ನು ಲೋಕಕ್ಕೆ ತಿಳಿಸಿದರು. ೧೯೦೧ರಲ್ಲಿ ಬೆಕೆರೆಲ್ ಎಂಬ ಫ್ರೆಂಚ್ ವಿಜ್ಞಾನಿಯು ರೇಡಿಯಂ ತುಂಬಿದ ನಳಿಗೆಯೊಂದನ್ನು ಅಂಗಿಯ ಜೇಬಿನಲ್ಲಿಟ್ಟುಕೊಂಡಿದ್ದನು. ಆಗ ಏನೂ ನೋವಾಗಲಿಲ್ಲ. ಕೆಲವು ದಿನಗಳು ಕಳೆದ ಮೇಲೆ ಆ ಸ್ಥಳದ ಚರ್ಮವು ಸುಟ್ಟಂತಾಗಿ ಹುಣ್ಣಾಯಿತು. ಬೆಂಕಿಯು ಮುಟ್ಟಿದೊಡನೆ ಸುಡುವುದು, ಈ ಕಿರಣವು ತಡೆದು ಸುಡುವುದು ಎಂಬ ಭೇದವು ಅಂದೇ ತೋರಿತು. ಅದೇ ಗುಣವನ್ನು ಅರ್ಬುದದ ನಾಶಕ್ಕೆ ಬಳಸಲು ವೈದ್ಯರು ತೊಡಗಿದರು. ೧೯೦೩ರಲ್ಲಿ ನ್ಯೂಯಾರ್ಕಿನ ಮಾರ್ಗರೆಟ್ ಕ್ಲೀವ್ಸ್ ಎಂಬ ವೈದ್ಯೆಯು ಗರ್ಭಾಶಯಕಂಠದ ಅರ್ಬುದಕ್ಕೆ ರೇಡಿಯಮ್ಮನ್ನು ಪ್ರಯೋಗಿಸಿದುದನ್ನು ಪ್ರಕಟಿಸಿದಳು. ೧೯೩೮ರಲ್ಲಿ ಮ್ಯಾಂಚೆಸ್ಟರಿನ ವೈದ್ಯರು ಕಿರಣದ ಮಾತ್ರೆಯನ್ನು ಗರ್ಭಾಶಯದ ಪಕ್ಕದ ನಿಯತ ಬಿಂದುವಿನಲ್ಲಿ ಅಳೆಯುವ ಕ್ರಮವನ್ನು ಹಾಕಿಕೊಟ್ಟರು.

ಬಳ್ಳಾರಿ ಜಿಲ್ಲೆಯು ಆಗ ಮದರಾಸು ಆಧಿಪತ್ಯದಲ್ಲಿದ್ದಿತು. ಹಗರಿಬೊಮ್ಮನಹಳ್ಳಿಯೂ ಕೊಟ್ಟೂರೂ ಅಂದು ಪ್ರತ್ಯೇಕ ತಾಲ್ಲೂಕುಗಳಲ್ಲ. ಕೂಡ್ಲಿಗಿ, ಹಡಗಲಿ, ಹರಪನಹಳ್ಳಿಗಳು ಮಾತ್ರ ತಾಲ್ಲೂಕುಗಳು. ಈ ನಾಡಿಗೆ ರಾಜಧಾನಿಯಾಗಿದ್ದ ಮದರಾಸಿನ ಜನರಲ್ ಆಸ್ಪತ್ರೆಯಲ್ಲಿ ೧೯೩೪ರಲ್ಲಿ ಬಾರ್ನಾರ್ಡ್ ರೇಡಿಯಾಲಜಿ ಸಂಸ್ಥೆಯು ಸ್ಥಾಪಿತವಾಯಿತು. ೧೯೫೩ನೆಯ ಅಕ್ಟೋಬರ್ ೧ರಂದು ಈ ತಾಲ್ಲೂಕುಗಳು ಮೈಸೂರು ಸಂಸ್ಥಾನಕ್ಕೆ ಸೇರಿದುವು. ಮರುವರ್ಷ ಮದರಾಸಿನ ಅಡಯಾರಿನಲ್ಲಿ ಡಾಕ್ಟರ್ ಮುತ್ತುಲಕ್ಷ್ಮಿ ರೆಡ್ಡಿಯವರ ಪ್ರಯತ್ನದಿಂದ ಕ್ಯಾನ್ಸರ್ ಆಸ್ಪತ್ರೆಯು ತೆರೆಯಿತು. ಕನ್ನಡನಾಡಿನಲ್ಲಿ ೧೯೬೧ರಲ್ಲಿ ಬಳ್ಳಾರಿಯ ವೈದ್ಯಕೀಯ ಕಾಲೇಜೂ ೧೯೭೩ರಲ್ಲಿ ಬೆಂಗಳೂರಿನ ಕಿದ್ವಾಯಿ ಸ್ಮಾರಕ ಸಂಸ್ಥೆಯೂ, ಹುಬ್ಬಳ್ಳಿಯ ನವನಗರದಲ್ಲಿ ಕ್ಯಾನ್ಸರ್ ಚಿಕಿತ್ಸಾ ಸಂಸ್ಥೆಯೂ ಏರ್ಪಟ್ಟುವು. ಅಂತು ಮೂರು ತಲೆಮಾರುಗಳಿಂದಲೂ ಕಿರಣಚಿಕಿತ್ಸೆಯೆಂಬುದು ಈ ತಾಲ್ಲೂಕುಗಳವರಿಗೆ ದೂರದ ಪಟ್ಟಣದಲ್ಲಿ ನಡೆಯುವ ಕಾರ್ಯ. ಅದರ ಕಾಲಾಂತರದ ಫಲವು ಕಾಣಿಸಿಕೊಳ್ಳುವುದು ಮಾತ್ರ ತಮ್ಮ ಹಳ್ಳಿಯಲ್ಲಿ. ಚಿಕಿತ್ಸೆಯ ದಾಖಲೆ ಒಂದೆಡೆ, ರಕ್ತ ಕಾಣುವುದು ಇನ್ನೊಂದೆಡೆ. ನಿದಾನವು ತಪ್ಪುವ ಸಂಭವವು ಇಲ್ಲಿಯೇ ಹುಟ್ಟುತ್ತದೆ.

೪

ಗರ್ಭಾಶಯದ ಮುಂಭಾಗಕ್ಕೆ ಒತ್ತಿಕೊಂಡೇ ಮೂತ್ರಕೋಶವಿರುವುದರಿಂದ, ಕಂಠದ ಅರ್ಬುದಕ್ಕೆ ಎಸೆದ ಕಿರಣದ ಪಾಲೊಂದು ಅದಕ್ಕೂ ತಗಲದೆ ಇರದು. ಆದಕಾರಣವೇ ೧೯೮೫ರಲ್ಲಿ ಅಂತರರಾಷ್ಟ್ರೀಯ ಮಾನಸಮಿತಿಯು ಮೂತ್ರಕೋಶಕ್ಕೆ ತಗಲುವ ಮಾತ್ರೆಯನ್ನೂ ಅಳೆದು ಬರೆದಿಡಬೇಕೆಂದು ವಿಧಿಸಿತು. ಪುರುಷರಲ್ಲಿ ಪ್ರಾಸ್ಟೇಟ್ ಗ್ರಂಥಿಯ ಅರ್ಬುದಕ್ಕೆ ಮಾಡುವ ಚಿಕಿತ್ಸೆಯಲ್ಲಿಯೂ ಇದೇ ನ್ಯಾಯ.

ಚಿಕಿತ್ಸೆ ನಡೆಯುತ್ತಿರುವಾಗಲೇ ಉಂಟಾಗುವ ಉರಿಮೂತ್ರವು ಬಹುಮಟ್ಟಿಗೆ ಕೆಲವು ವಾರಗಳಲ್ಲಿ ಶಮನವಾಗುತ್ತದೆ. ಕಾಲಾಂತರದ್ದು ಬೇರೆ. ಆರು ತಿಂಗಳಿಂದ ಇಪ್ಪತ್ತು ವರ್ಷಗಳವರೆಗೆ ಯಾವಾಗಲಾದರೂ ಅದು ತೋರಬಹುದು. ೧೯೯೫ರಲ್ಲಿ ಪ್ರಕಟವಾದ ಅಮೆರಿಕದ ಹ್ಯೂಸ್ಟನ್ ಆಸ್ಪತ್ರೆಯ ೧,೭೮೪ ಸ್ತ್ರೀಯರ ದೀರ್ಘ ಪರಿಶೀಲನೆಯಿಂದ, ಮೂತ್ರಮಾರ್ಗದ ತೊಡಕು ತೀವ್ರರೂಪದಲ್ಲಿ ಬರುವವರು ಸ್ವಲ್ಪ ಮಂದಿಯೆಂದೂ, ಆದರೆ ಅದರ ಸಂಭವವು ಎರಡು ದಶಕಗಳ ಮೇಲೂ ಪೂರ್ಣವಾಗಿ ತೀರುವುದಿಲ್ಲವೆಂದೂ ತಿಳಿದುಬಂದಿತು. ಇದರ ಕಾರ್ಯಕ್ರಮ ಹೀಗೆ: ಕಿರಣ ತಗಲಿದ ಮೂತ್ರಕೋಶದ ಗೋಡೆಯ ಸೂಕ್ಷ್ಮ ರಕ್ತನಾಳಗಳು ಒಳಗೊಳಗೇ ದಪ್ಪವಾಗಿ ಮುಚ್ಚಿಕೊಳ್ಳುತ್ತ ಬರುವುವು, ರಕ್ತವೂ ಪ್ರಾಣವಾಯುವೂ ಸಾಲದೆ ಮಾಂಸಲವಾದ ಗೋಡೆಯು ನಾರುಗಟ್ಟಿ ಕುಗ್ಗುವುದು, ಕೊರತೆಯನ್ನು ತುಂಬಲು ಮೇಲ್ಪೊರೆಯಲ್ಲಿ ಹೊಸದಾಗಿ ಹಿಗ್ಗಿದ ದುರ್ಬಲ ನಾಳಗಳು ಸ್ವಲ್ಪ ಕಾರಣಕ್ಕೆ ಒಡೆದು ರಕ್ತ ಸುರಿಸುವುವು. ಪದೇ ಪದೇ ಮೂತ್ರಕ್ಕೆ ಅವಸರವಾಗುವುದೂ ಕೋಶವು ಕುಗ್ಗಿದುದರಿಂದಲೇ.

ಇದನ್ನು ಕೇಳಿದ ಸಂಸ್ಕೃತಜ್ಞರಿಗೆ ‘ದೂಷೀವಿಷ’ದ ನೆನಪಾಗದಿರದು. ಒಡನೆ ಕೊಲ್ಲದೆ, ಕಫದಿಂದ ಆವೃತವಾಗಿ ವರ್ಷಗಟ್ಟಲೆ ದೇಹದಲ್ಲಿ ಅಡಗಿದ್ದು, ದೇಶಕಾಲಗಳ ನಿಮಿತ್ತದಿಂದ ಧಾತುಗಳನ್ನು ಮತ್ತೆ ಮತ್ತೆ ದೂಷಿಸುವ ವಿಷವೆಂದು ಸುಶ್ರುತನ ಕಲ್ಪಸ್ಥಾನದಲ್ಲಿ ಅದರ ಲಕ್ಷಣ. ಕಾರಣವು ಮರೆತುಹೋದ ಮೇಲೆ ಕಾರ್ಯವು ತೋರಬಹುದೆಂಬ ಅಂಶದಲ್ಲಿ ಈ ಉಪಮೆಯು ಸಲ್ಲುತ್ತದೆ. ವಸ್ತುವಿನ ವಿಷಯದಲ್ಲಿ ಸಲ್ಲುವುದಿಲ್ಲ. ದೂಷೀವಿಷವು ದೇಹದಲ್ಲಿ ಉಳಿದಿರುವ ದ್ರವ್ಯ. ಹೊರಗಿಂದ ಹಾಯಿಸಿದ ಕಿರಣವಾದರೋ ಆ ಕ್ಷಣದಲ್ಲಿಯೇ ಮುಗಿದುಹೋಗುವುದು, ಒಳಗಿರಿಸಿದ ಮೂಲವನ್ನು ವೈದ್ಯರು ಹಿಂದೆಗೆದುಕೊಂಡಿರುವರು. ಉಳಿದಿರುವುದು ಕಿರಣವಲ್ಲ, ಕಿರಣವು ಮಾಡಿದ ಗಾಯ. ಇಂಥ ರೋಗಿಯನ್ನು ಮುಟ್ಟುವುದರಿಂದಾಗಲಿ ಒಂದೇ ಮನೆಯಲ್ಲಿ ಬಾಳುವುದರಿಂದಾಗಲಿ ಯಾರಿಗೂ ದೋಷವಿಲ್ಲ. ಉಪಮೆಯನ್ನು ಮಿತಿಮೀರಿ ಎಳೆದು, ಪ್ರಾಚೀನರಿಗೆ ಈ ವ್ಯಾಧಿಯೇ ತಿಳಿದಿದ್ದಿತೆಂದು ಸಾಧಿಸಹೊರಡುವುದು ಶಾಸ್ತ್ರಕ್ಕೆ ಗೌರವವಲ್ಲ. ಅದರಿಂದ ರೋಗಿಗೂ ಹಾನಿ.

೫

ಚಿಕಿತ್ಸೆಯ ಭಾಗದಲ್ಲಿ ಹೋಲಿಕೆಯೂ ಭೇದವೂ ಇನ್ನಷ್ಟು ಸ್ಪಷ್ಟ. ಸುಶ್ರುತನು ಸೂತ್ರಸ್ಥಾನದಲ್ಲಿ ರಕ್ತಸ್ತಂಭನದ ಉಪಾಯಗಳು ನಾಲ್ಕೆಂದಿದ್ದಾನೆ: ಕಷಾಯದ್ರವ್ಯಗಳಿಂದ ಸಂಧಾನ, ಶೀತದಿಂದ ಸ್ಕಂದನ, ಭಸ್ಮದಿಂದ ಪಾಚನ, ಸುಡುವುದರಿಂದ ದಹನ. ಮೂತ್ರಮಾರ್ಗದಿಂದ ವಸ್ತಿಯೊಳಕ್ಕೆ ದ್ರವವನ್ನು ಹಾಯಿಸುವ ಉತ್ತರವಸ್ತಿಯ ವಿಧಿಯನ್ನೂ ಹೇಳಿದ್ದಾನೆ. ಇಂದಿನ ಆಸ್ಪತ್ರೆಯಲ್ಲಿ ಮೊದಲು ನಳಿಗೆಯನ್ನಿಳಿಸಿ ಹೆಪ್ಪುಗಟ್ಟಿದ ರಕ್ತವನ್ನು ಹೊರತೆಗೆದು, ಲವಣಜಲದಿಂದ ಕೋಶವನ್ನು ಎಡೆಬಿಡದೆ ತೊಳೆಯುವರು. ರಕ್ತ ಬಹಳ ಹೋಗಿದ್ದರೆ ರಕ್ತವನ್ನು ಕೊಡುವರು. ದರ್ಶಕಯಂತ್ರದಿಂದ ಒಳಗೆ ನೋಡಿ ಒಸರುವ ನಾಳವನ್ನು ವಿದ್ಯುತ್ತಿನಿಂದ ಸುಡುವುದು ದಹನವೇ. ನೂರಕ್ಕೆ ಒಂದು ಪ್ರಮಾಣದ ಸ್ಫಟಿಕಾರಿಯ ದ್ರಾವಣದಿಂದ ತೊಳೆಯುವ ಕ್ರಮವು ೧೯೮೨ರಿಂದ ರೂಢಿಗೆ ಬಂದಿತು. ರಸಗ್ರಂಥಗಳು ಕಾಂಕ್ಷೀ, ತುವರೀ ಎಂಬ ಹೆಸರುಗಳಿಂದ ಉಪರಸಗಳಲ್ಲಿ ಎಣಿಸಿದ ಒಗರು ದ್ರವ್ಯವೇ ಇದು. ಮೂತ್ರಪಿಂಡ ಕೆಟ್ಟವರಲ್ಲಿ ಇದರ ಅಲ್ಯೂಮಿನಿಯಂ ಅಂಶವು ದೇಹದಲ್ಲಿ ಸೇರಿ ವಿಷವಾಗಬಹುದಾದುದರಿಂದ ಮನೆಯ ಪ್ರಯೋಗಕ್ಕೆ ಎಂದಿಗೂ ತಕ್ಕುದಲ್ಲ. ೧೯೬೯ರಿಂದ ತಿಳಿದಿರುವ ಫಾರ್ಮಲಿನ್ ಪ್ರಯೋಗವು ಉಗ್ರವಾದುದು. ಬೇರೆ ದಾರಿಯಿಲ್ಲದಾಗ, ಪ್ರಜ್ಞೆ ತಪ್ಪಿಸಿ, ದ್ರವವು ಮೂತ್ರಪಿಂಡದತ್ತ ಹಿಮ್ಮೆಟ್ಟುವುದಿಲ್ಲವೆಂದು ಪರೀಕ್ಷಿಸಿದ ಮೇಲೆ ಮಾತ್ರ ಮಾಡತಕ್ಕುದು.

ಈ ಎಲ್ಲ ಉಪಾಯಗಳೂ ಹರಿವನ್ನು ನಿಲ್ಲಿಸುವುವೇ ಹೊರತು ಮುಚ್ಚಿಹೋದ ನಾಳಗಳನ್ನು ತೆರೆಯಲಾರವು. ಆ ಮೂಲಕ್ಕೆ ಕೈಹಾಕುವ ಪ್ರಯತ್ನವೆಂದರೆ ಒತ್ತಡದ ಕೋಣೆಯಲ್ಲಿ ಕೂರಿಸಿ ಶುದ್ಧ ಪ್ರಾಣವಾಯುವನ್ನು ಉಸಿರಾಡಿಸುವುದು. ದಿನಕ್ಕೆ ಸುಮಾರು ಒಂದೂವರೆ ಗಂಟೆಯಂತೆ ೩೦ರಿಂದ ೪೦ ಸಲ ನಡೆಯುವ ಈ ಕ್ರಮದಿಂದ ರೋಗಿಗಳ ಬಾಧೆಯು ತಗ್ಗಿದುದನ್ನು ನಾರ್ಡಿಕ್ ದೇಶಗಳ ಐದು ಆಸ್ಪತ್ರೆಗಳ ಪರೀಕ್ಷೆಯು ೨೦೧೯ರಲ್ಲಿ ತೋರಿಸಿತು. ಯಾವುದಕ್ಕೂ ಬಗ್ಗದಾಗ ರಕ್ತನಾಳವನ್ನು ಒಳಗಿಂದ ಅಡಚುವುದೂ, ಕಡೆಗೆ ಮೂತ್ರದ ದಾರಿಯನ್ನೇ ಬದಲಿಸುವ ಶಸ್ತ್ರಕ್ರಿಯೆಯೂ ಉಂಟು. ಬಹು ಮಂದಿಗೆ ಅಷ್ಟು ದೂರ ಹೋಗಬೇಕಾಗುವುದಿಲ್ಲ. ಚರಕನ ಯಾಪ್ಯವೆಂಬ ಮಾತು ಈ ವ್ಯಾಧಿಗೆ ಒಪ್ಪುವುದು ಇದಕ್ಕಾಗಿಯೇ: ಮರಳಿ ಬರಬಹುದು, ಆದರೆ ಎಚ್ಚರವಿದ್ದಲ್ಲಿ ಬದುಕನ್ನು ಕಸಿಯಲಾರದು.

೬

ಇಷ್ಟರಿಂದ ತಿಳಿಯುವುದೇನೆಂದರೆ, ಕಿರಣಚಿಕಿತ್ಸೆ ಪಡೆದವರಲ್ಲಿ ರಕ್ತಮೂತ್ರ ಕಂಡರೆ ಕಾರಣವು ನಾಲ್ಕಾರು ಬಗೆಯಾಗಿರಬಹುದು. ಸೋಂಕು, ಕಲ್ಲು, ಹಳೆಯ ಅರ್ಬುದದ ಮರುಕಳಿಕೆ, ಮೂತ್ರಕೋಶದಲ್ಲಿಯೇ ಹೊಸ ಅರ್ಬುದ, ರಕ್ತವನ್ನು ತೆಳುವಾಗಿಸುವ ಔಷಧದ ಪರಿಣಾಮ, ಇಲ್ಲವೆ ಕಿರಣದ ಕಾಲಾಂತರದ ಗಾಯ. ಪರೀಕ್ಷೆಯಿಲ್ಲದೆ ಇವುಗಳಲ್ಲಿ ಯಾವುದನ್ನೂ ಊಹಿಸಬಾರದು. ಮೊದಲ ಸಲ ರಕ್ತ ಕಂಡಾಗಲೇ ವೈದ್ಯನಲ್ಲಿಗೆ ಹೋಗತಕ್ಕುದು. ಹೆಪ್ಪು ಸಿಕ್ಕಿ ಮೂತ್ರವೇ ಕಟ್ಟಿದರೆ ಆ ಗಳಿಗೆಯಲ್ಲಿಯೇ ಆಸ್ಪತ್ರೆಗೆ ಹೊರಡತಕ್ಕುದು. ಕಿರಣ ತಗಲಿದ ಗೋಡೆಯಿಂದ ಮಾಂಸದ ಚೂರನ್ನು ಪರೀಕ್ಷೆಗೆ ಕೀಳುವುದರಿಂದ ಆ ಸ್ಥಳವು ಮಾಯದೆ ತೂತಾಗುವ ಭಯವಿರುವುದರಿಂದ, ಹಿಂದೆ ಕಿರಣ ಕೊಟ್ಟಿದ್ದರೆಂಬ ಸಂಗತಿಯು ಪರೀಕ್ಷಿಸುವ ವೈದ್ಯನಿಗೆ ಮೊದಲೇ ತಿಳಿದಿರಲೇಬೇಕು.

ಆದಕಾರಣ ಹಡಗಲಿಯಿಂದಲೋ ಕೂಡ್ಲಿಗಿಯಿಂದಲೋ ಹುಬ್ಬಳ್ಳಿ ಬೆಂಗಳೂರುಗಳಿಗೆ ಹೋಗಿ ಗುಣಹೊಂದಿ ಬಂದವರ ಮನೆಯಲ್ಲಿ ಚಿಕಿತ್ಸೆಯ ಕಾಗದವು ಹೊಲದ ಪತ್ರದಷ್ಟೇ ಜೋಪಾನವಾಗಿರತಕ್ಕುದು. ಯಾವ ವರ್ಷ, ಯಾವ ಅಂಗಕ್ಕೆ, ಎಷ್ಟು ಮಾತ್ರೆಯ ಕಿರಣವೆಂಬುದು ಅದರಲ್ಲಿದ್ದರೆ ಹತ್ತು ವರ್ಷಗಳ ಮೇಲೆ ಅಪರಿಚಿತ ವೈದ್ಯನಿಗೂ ನಿದಾನದ ದಾರಿ ತೆರೆಯುವುದು. ಗುಣವಾದವರನ್ನು ಮನೆಗೆ ಕಳುಹುವಾಗ ಈ ಸಂಭವವನ್ನು ಅವರ ಮಾತಿನಲ್ಲಿಯೇ ತಿಳಿಸುವುದೂ ಚಿಕಿತ್ಸೆಯ ಅಂಗವೇ. ಅದಕ್ಕೆ ಹೆಸರೊಂದು ಬೇಕು. ‘ಉಷ್ಣ’ವೆಂಬ ಮಾತು ಸಾಲದು, ಆ ಮಾತಿನಲ್ಲಿ ಕಾಲದ ಸೂಚನೆಯಿಲ್ಲ. ‘ಕಾಲಾಂತರ ರಕ್ತಮೂತ್ರ’ವೆಂದರೆ ಹಳ್ಳಿಯವರಿಗೂ ಅರ್ಥವಾಗುವುದು, ಕೇಳಿದೊಡನೆ ‘ಹಿಂದೆ ಏನು ನಡೆದಿತ್ತು?’ ಎಂಬ ಪ್ರಶ್ನೆಯೂ ಏಳುವುದು. ಪ್ರಮೇಹವನ್ನು ರಕ್ತಪಿತ್ತದಿಂದ ಬೇರ್ಪಡಿಸಲು ಚರಕನು ಕೇಳಬೇಕೆಂದು ವಿಧಿಸಿದ ಪ್ರಶ್ನೆಯೂ ಅದೇ ಆಗಿದೆ.