ವ್ಯೂಹ ಕಟ್ಟುವವರು, ವ್ಯೂಹ ಒಡೆಯುವವರು

ಹಸ್ತಿನಾವತಿಯ ದ್ಯೂತಸಭೆಯಲ್ಲಿ ಧರ್ಮರಾಯ ಸೋತದ್ದು ಆಟ ನಡೆಯುವಾಗಲೋ, ಆಟಕ್ಕೆ ಕುಳಿತುಕೊಳ್ಳುವುದಕ್ಕೆ ಮುಂಚೆಯೋ? ಪಗಡೆಯ ಹಾಸನ್ನು ಹಾಸಿದವರು ಯಾರು, ದಾಳ ಯಾರ ಕೈಯದು ಎಂಬ ಪ್ರಶ್ನೆಗಳು ಮೇಲುನೋಟಕ್ಕೆ ಆಟದ ಹೊರಗಿನವು. ಆದರೆ ಆಟದ ನ್ಯಾಯವೆಲ್ಲ ನಿಂತಿರುವುದು ಆ ಸಿದ್ಧತೆಯ ಮೇಲೆಯೇ. ಈ ಮಾತನ್ನು ಮನಸ್ಸಿನಲ್ಲಿಟ್ಟುಕೊಂಡು ಇಂದು ನಾನು ನಿಮ್ಮ ಮುಂದೆ ಇಡಬೇಕೆಂದಿರುವುದು ಅಮೆರಿಕದಲ್ಲಿ ಬೆಳೆದ ಒಂದು ಆಟದ ಚರಿತ್ರೆಯನ್ನು. ಅದರ ಹೆಸರು ‘ನೈನ್‌ ಬಾಲ್‌’, ಎಂದರೆ ಒಂಬತ್ತು ಚೆಂಡುಗಳ ಪೂಲ್‌ ಆಟ. ಅದರಲ್ಲಿಯೂ ಮೊದಲ ಏಟಿನ ವಿಷಯವನ್ನೇ ಮುಖ್ಯವಾಗಿ ಹೇಳುತ್ತೇನೆ. ಏಕೆಂದರೆ ಈ ಆಟದ ಜಗಳಗಳೆಲ್ಲ ಹುಟ್ಟಿದ್ದು ಅಲ್ಲಿ.

ಆಟದ ಸ್ವರೂಪ ಸರಳವಾದದ್ದು. ಒಂಬತ್ತು ಅಡಿ ಉದ್ದ, ನಾಲ್ಕೂವರೆ ಅಡಿ ಅಗಲದ ಮೇಜು. ಅದಕ್ಕೆ ಆರು ಪಾಕೆಟ್ಟುಗಳು. 1ರಿಂದ 9ರವರೆಗೆ ಸಂಖ್ಯೆಗಳನ್ನು ಹೊತ್ತ ಬಣ್ಣದ ಚೆಂಡುಗಳು, ಅವನ್ನು ಹೊಡೆಯಲು ಒಂದು ಬಿಳಿಯ ಚೆಂಡು. ಮೇಜಿನ ಮೇಲೆ ಉಳಿದಿರುವ ಚೆಂಡುಗಳಲ್ಲಿ ಅತಿ ಚಿಕ್ಕ ಸಂಖ್ಯೆಯದನ್ನು ಬಿಳಿಯ ಚೆಂಡು ಮೊದಲು ಮುಟ್ಟಬೇಕು. ನಿಯಮ ಮೀರದೆ ಒಂಬತ್ತನೆಯದನ್ನು ಪಾಕೆಟ್ಟಿಗೆ ಇಳಿಸಿದವನು ಗೆದ್ದ. ಆಟದ ಆರಂಭದಲ್ಲಿ ಒಂಬತ್ತೂ ಚೆಂಡುಗಳನ್ನು ವಜ್ರದ ಆಕೃತಿಯಲ್ಲಿ, ಒಂದಕ್ಕೊಂದು ತಾಗುವಂತೆ ಜೋಡಿಸುತ್ತಾರೆ. ಸಂಪ್ರದಾಯದ ಕ್ರಮದಲ್ಲಿ ಒಂದನೆಯದು ಮುಂದಿನ ತುದಿಯಲ್ಲಿ, ಒಂಬತ್ತನೆಯದು ನಟ್ಟನಡುವೆ. ಉಳಿದವು ಹೇಗಾದರೂ ಇರಬಹುದು. ಈ ಜೋಡಣೆಗೆ ‘ರ‍್ಯಾಕ್‌’ ಎಂದೂ ಅದನ್ನು ಚದುರಿಸುವ ಮೊದಲ ಏಟಿಗೆ ‘ಬ್ರೇಕ್‌’ ಎಂದೂ ಹೆಸರು. ನಮ್ಮ ಕೇರಂ ಹಲಗೆಯ ನಡುವೆ ಕೆಂಪು ರಾಣಿಯನ್ನಿಟ್ಟು, ಸುತ್ತಲೂ ಬಿಳಿ ಕಪ್ಪು ಕಾಯಿಗಳನ್ನು ಜೋಡಿಸಿ, ಬೆರಳಿನಿಂದ ಒತ್ತಿ ಒತ್ತಿ ಸಂದಿಲ್ಲದಂತೆ ಮಾಡುವವರನ್ನು ಕಂಡವರಿಗೆ ಇದರ ಮರ್ಮವನ್ನು ವಿವರಿಸಬೇಕಾಗಿಲ್ಲ.

ಯುರೋಪಿನ ಹುಲ್ಲುಹಾಸಿನ ಮೇಲೆ ಆಡುತ್ತಿದ್ದ ಚೆಂಡುಕೋಲಿನಾಟ ಮೇಜನ್ನೇರಿ ಬಿಲಿಯರ್ಡ್ಸ್‌ ಆಯಿತು. 15ನೆಯ ಶತಮಾನದಲ್ಲಿಯೇ ಫ್ರಾನ್ಸಿನ ಹನ್ನೊಂದನೆಯ ಲೂಯಿಯ ಅರಮನೆಯಲ್ಲಿ ಅಂಥ ಮೇಜಿತ್ತು. ಮೇಜಿನ ಹಸಿರು ಬಟ್ಟೆ ಇಂದಿಗೂ ಆ ಹುಲ್ಲಿನ ನೆನಪನ್ನು ಉಳಿಸಿಕೊಂಡಿದೆ. ‘ಪೂಲ್‌’ ಎಂಬ ಮಾತಿನ ಕಥೆ ಬೇರೆ. ಎಲ್ಲರೂ ಸೇರಿಸಿ ಕೂಡಿಟ್ಟ ಪಣದ ಹಣ ಎಂಬುದು ಅದರ ಅರ್ಥ. 19ನೆಯ ಶತಮಾನದ ಅಮೆರಿಕದಲ್ಲಿ ಪೂಲ್‌ರೂಮ್‌ ಎಂದರೆ ಕುದುರೆಪಂದ್ಯಕ್ಕೆ ಜೂಜು ಕಟ್ಟುವ ಕೋಣೆ. ಒಂದು ಪಂದ್ಯಕ್ಕೂ ಇನ್ನೊಂದಕ್ಕೂ ನಡುವೆ ಗಿರಾಕಿಗಳಿಗೆ ಬೇಸರವಾಗದಿರಲೆಂದು ಅಲ್ಲಿ ಬಿಲಿಯರ್ಡ್ಸ್‌ ಮೇಜುಗಳನ್ನು ಹಾಕಿದರು. ಕೋಣೆಯ ಹೆಸರು ಆಟಕ್ಕೆ ಅಂಟಿತು. ಹೆಸರಿನೊಡನೆ ಅಪಕೀರ್ತಿಯೂ ಅಂಟಿತು.

ಆ ಕಾಲದ ಚೆಂಡುಗಳು ಆನೆಯ ದಂತದವು. ಒಂದು ದಂತದಿಂದ ಕೆಲವೇ ಒಳ್ಳೆಯ ಚೆಂಡುಗಳನ್ನು ಕಡೆಯಲು ಸಾಧ್ಯ. ಹೀಗಾಗಿ ಒಂದು ಮೇಜಿನ ಆಟಕ್ಕೆ ಬಲಿಯಾದ ಆನೆಗಳ ಸಂಖ್ಯೆ ಸಣ್ಣದಾಗಿರಲಿಲ್ಲ. ದಂತದ ಬೆಲೆ ಏರುತ್ತಿರಲು, ಅಮೆರಿಕದ ಬಿಲಿಯರ್ಡ್ಸ್‌ ಉದ್ಯಮದ ಹಿರಿಯನಾದ ಮೈಕೆಲ್‌ ಫೆಲನ್‌ನ ಸಂಸ್ಥೆ 1860ರ ದಶಕದಲ್ಲಿ, ದಂತಕ್ಕೆ ಬದಲಿಯಾದ ವಸ್ತುವನ್ನು ಕಂಡುಹಿಡಿದವರಿಗೆ 10,000 ಡಾಲರುಗಳ ಬಹುಮಾನವನ್ನು ಸಾರಿತು. ಆಲ್ಬನಿ ನಗರದ ಜಾನ್‌ ವೆಸ್ಲಿ ಹಯಟ್‌ ಎಂಬ ಮುದ್ರಣದ ಕೆಲಸಗಾರ ಆ ಹಂಬಲದಲ್ಲಿ ಪ್ರಯೋಗಕ್ಕೆ ತೊಡಗಿ, ಸೆಲ್ಯುಲಾಯ್ಡ್‌ ತಯಾರಿಕೆಗೆ 1870ರಲ್ಲಿ ಪೇಟೆಂಟ್‌ ಪಡೆದ. ಅವನ ಆರಂಭದ ಚೆಂಡುಗಳು ಬಲವಾಗಿ ತಾಗಿದಾಗ ಒಮ್ಮೊಮ್ಮೆ ಸಣ್ಣದಾಗಿ ಸಿಡಿಯುತ್ತಿದ್ದವಂತೆ. ಸದ್ದಿಗೆ ತನ್ನದೇನೂ ಆಕ್ಷೇಪವಿಲ್ಲ, ಆದರೆ ಅದನ್ನು ಕೇಳಿದೊಡನೆ ಕೋಣೆಯಲ್ಲಿರುವವರೆಲ್ಲ ಪಿಸ್ತೂಲಿಗೆ ಕೈಹಾಕುತ್ತಾರೆ ಎಂದು ಕೊಲರಾಡೊದ ಮದ್ಯದಂಗಡಿಯವನೊಬ್ಬ ಬರೆದಿದ್ದನೆಂದು ಹಯಟ್‌ ಮುಂದೆ ನೆನೆಸಿಕೊಂಡಿದ್ದಾನೆ. 1907ರಲ್ಲಿ ಬೇಕಲಂಡ್‌ ಬೇಕಲೈಟನ್ನು ಕಂಡುಹಿಡಿದ ಮೇಲೆ ಆ ಜಾತಿಯ ಗಟ್ಟಿಯಾದ ರಾಳದ ಚೆಂಡುಗಳು ಬಂದವು.

ರಸಾಯನಶಾಸ್ತ್ರದ ಈ ಪ್ರಸಂಗವನ್ನು ಇಷ್ಟು ಹೇಳಿದ್ದಕ್ಕೆ ಕಾರಣವಿದೆ. ದಂತ ಹವೆಯ ತೇವವನ್ನು ಹೀರುತ್ತದೆ, ಒಣಗಿದರೆ ಬಿರಿಯುತ್ತದೆ, ಕಾಲಕ್ರಮದಲ್ಲಿ ದುಂಡುತನವನ್ನು ಕಳೆದುಕೊಳ್ಳುತ್ತದೆ. ಅಂಥ ಒಂಬತ್ತು ಚೆಂಡುಗಳನ್ನು ಎಷ್ಟು ಜೋಪಾನವಾಗಿ ಜೋಡಿಸಿದರೂ ಇಂದಿನ ಏಟಿಗೂ ನಾಳೆಯ ಏಟಿಗೂ ಹೋಲಿಕೆ ಇರಲಾರದು. ಎರಡೂಕಾಲು ಅಂಗುಲ ವ್ಯಾಸದ, ಒಂದರಂತೆಯೇ ಇನ್ನೊಂದಿರುವ ಚೆಂಡುಗಳು ದೊರೆತ ಮೇಲೆಯೇ ರ‍್ಯಾಕ್‌ ಎಂಬುದು ಲೆಕ್ಕಕ್ಕೆ ಸಿಕ್ಕುವ ವಸ್ತುವಾಯಿತು. ಲೆಕ್ಕಕ್ಕೆ ಸಿಕ್ಕಿದ್ದು ಮೋಸಕ್ಕೂ ಸಿಕ್ಕಿತು.

ನೈನ್‌ ಬಾಲ್‌ ಅಮೆರಿಕದಲ್ಲಿ ರೂಪುಗೊಂಡದ್ದು 1920ರ ಸುಮಾರಿಗೆ. ಬೇಗ ಮುಗಿಯುವ ಆಟವಾದ್ದರಿಂದ ಹಣ ಕಟ್ಟುವವರಿಗೆ ಅದು ಪ್ರಿಯವಾಯಿತು. ಬಹುಕಾಲ ಜೂಜುಕೋರರ ಆಟವೆನಿಸಿಕೊಂಡಿದ್ದ ಇದು 1986ರ ‘ದಿ ಕಲರ್‌ ಆಫ್‌ ಮನಿ’ ಚಲನಚಿತ್ರದಿಂದ ಮನೆಮಾತಾಯಿತು. 1990ರಲ್ಲಿ ಜರ್ಮನಿಯಲ್ಲಿ ಮೊದಲ ವಿಶ್ವ ಚಾಂಪಿಯನ್‌ಷಿಪ್‌ ನಡೆದು, ಅಮೆರಿಕದ ಅರ್ಲ್‌ ಸ್ಟ್ರಿಕ್‌ಲೆಂಡ್‌ ಗೆದ್ದ. 1999ರ ವಿಶ್ವ ಪ್ರಶಸ್ತಿ ಫಿಲಿಪ್ಪೀನ್ಸಿನ ಎಫ್ರೆನ್‌ ರೇಯೆಸ್‌ಗೆ ಸಂದಿತು.

ಇನ್ನು ಬ್ರೇಕಿನ ಗುಟ್ಟು. ನಡುವಿನ ಒಂಬತ್ತನೆಯ ಚೆಂಡಿನ ಎಡಬಲಗಳಲ್ಲಿ, ವಜ್ರದ ಎರಡು ಪಕ್ಕದ ಮೂಲೆಗಳಲ್ಲಿ ಇರುವ ಚೆಂಡುಗಳಿಗೆ ‘ವಿಂಗ್‌’ ಚೆಂಡುಗಳೆನ್ನುತ್ತಾರೆ, ಪಕ್ಷಿಯ ರೆಕ್ಕೆಗಳೆನ್ನೋಣ. ಎಲ್ಲ ಚೆಂಡುಗಳೂ ನಿಜವಾಗಿ ತಾಗಿಕೊಂಡಿದ್ದರೆ, ಏಟಿನ ವೇಗ ಅವುಗಳ ಮೂಲಕ ನಿಶ್ಚಿತವಾದ ದಾರಿಯಲ್ಲಿ ಹರಿದು, ರೆಕ್ಕೆಯ ಚೆಂಡು ಮೂಲೆಯ ಪಾಕೆಟ್ಟಿನ ಕಡೆಗೇ ಹೊರಡುತ್ತದೆ. ನಡುವೆ ಒಂದು ಕೂದಲೆಳೆಯಷ್ಟು ಸಂದಿದ್ದರೆ ಆ ದಾರಿ ಕೆಡುತ್ತದೆ. ಗಂಟೆಗೆ ಇಪ್ಪತ್ತು ಮೈಲಿಗೂ ಮಿಕ್ಕ ವೇಗದಿಂದ ಹೊಡೆದರೂ ಒಂದು ಚೆಂಡೂ ಬೀಳದೆ ಹೋಗಬಹುದು. ಬೀಳದಿದ್ದರೆ ಸರದಿ ಎದುರಾಳಿಯದು. ಇದರ ಜೊತೆಗೆ ಒಂದನೆಯದನ್ನೂ ಒಂಬತ್ತನೆಯದನ್ನೂ ಬಿಟ್ಟು ಉಳಿದ ಏಳು ಚೆಂಡುಗಳನ್ನು 5,040 ಬಗೆಯಾಗಿ ಜೋಡಿಸಬಹುದು. ಯಾವುದನ್ನು ಎಲ್ಲಿಟ್ಟರೆ ಮುಂದಿನ ಆಟ ಸುಲಭವಾದೀತೆಂಬುದು ಬಲ್ಲವನಿಗೆ ಗೊತ್ತು.

ಹಾಗಾದರೆ ವ್ಯೂಹವನ್ನು ಕಟ್ಟಬೇಕಾದವರು ಯಾರು? ಹಳೆಯ ಪೂಲ್‌ರೂಮುಗಳ ರೂಢಿ ಸೋತವನು ಜೋಡಿಸಬೇಕು, ಗೆದ್ದವನು ಒಡೆಯಬೇಕು ಎಂದಿತ್ತು. ಸೋತವನು ತನ್ನ ಶತ್ರುವಿಗೆ ಅಸ್ತ್ರವನ್ನು ಹದಮಾಡಿ ಕೊಡಬೇಕು! ತ್ರಿಕೋನದ ಚೌಕಟ್ಟನ್ನು ಎತ್ತುವಾಗ ಬೆರಳಿನ ತುದಿಯಿಂದ ಕಾಣದಷ್ಟು ಸಂದು ಬಿಡುವ ಕಲೆ ಬೆಳೆದದ್ದು ಆಶ್ಚರ್ಯವಲ್ಲ. ಹೊಡೆಯುವವನು ಪ್ರತಿಸಲ ಬಗ್ಗಿ ಪರೀಕ್ಷಿಸುವುದು, ಮತ್ತೆ ಜೋಡಿಸೆನ್ನುವುದು, ಮಾತಿಗೆ ಮಾತು ಬೆಳೆಯುವುದು, ಇವೆಲ್ಲ ಆಟದ ಅಂಗಗಳೇ ಆದವು. ಹೊಡೆಯುವವನೇ ಜೋಡಿಸಿಕೊಳ್ಳಲಿ ಎಂದರೆ, ಅವನು ತನಗೆ ಅನುಕೂಲವಾದ ಕ್ರಮವನ್ನೇ ಕಟ್ಟಿಕೊಳ್ಳುತ್ತಾನೆ. ಎರಡೂ ಬೇಡವೆಂದು ಮಧ್ಯಸ್ಥನನ್ನು ನೇಮಿಸಿದರೆ, ಪ್ರತಿ ಮೇಜಿಗೂ ಅಂಥವನನ್ನು ಎಲ್ಲಿಂದ ತರುವುದು?

ಎರಡು ಘಟನೆಗಳು ಈ ಪ್ರಶ್ನೆಯನ್ನು ತೀಕ್ಷ್ಣಗೊಳಿಸಿದವು. 1996ರಲ್ಲಿ ಡಲ್ಲಾಸಿನಲ್ಲಿ, ಸತತ ಹತ್ತು ಆಟಗಳನ್ನು ಎದುರಾಳಿಗೆ ಅವಕಾಶ ಕೊಡದೆ ಮುಗಿಸಿದವನಿಗೆ ಹತ್ತು ಲಕ್ಷ ಡಾಲರ್‌ ಎಂದು ಸಾರಿದ್ದರು. ಸ್ಟ್ರಿಕ್‌ಲೆಂಡ್‌ ಅದನ್ನು ಸಾಧಿಸಿಯೇಬಿಟ್ಟ. ಹಣದ ವಿಷಯ ವಿಮೆಯವರೊಡನೆ ವ್ಯಾಜ್ಯಕ್ಕೆ ಹೋಯಿತು. ಎರಡನೆಯದು 2001ರ ಯು.ಎಸ್‌. ಓಪನ್‌. ಎಲ್ಲರೂ ಸಿಡಿಲಿನಂತೆ ಹೊಡೆಯುತ್ತಿದ್ದಲ್ಲಿ ಕೋರಿ ಡ್ಯುಯೆಲ್‌ ಎಂಬ ತರುಣ ಮೆಲ್ಲನೆ ಹೊಡೆದ. ರೆಕ್ಕೆಯ ಚೆಂಡು ತಾನಾಗಿ ಪಾಕೆಟ್ಟಿಗೆ ನಡೆಯಿತು, ಉಳಿದವು ಅವನು ಬಯಸಿದ ಕಡೆಗೆ ಹರಡಿದವು. ಅಂತಿಮ ಪಂದ್ಯವನ್ನು ಅವನು 11-0 ಅಂತರದಲ್ಲಿ ಗೆದ್ದ. ಶಕ್ತಿಯ ಏಟು ಯುಕ್ತಿಯ ಏಟಾಯಿತು.

ಆಮೇಲೆ ಬಂದದ್ದು ತೆಳುವಾದ ಪ್ಲಾಸ್ಟಿಕ್‌ ಹಾಳೆ. ಅದರ ರಂಧ್ರಗಳಲ್ಲಿ ಚೆಂಡುಗಳನ್ನು ಇಟ್ಟರೆ ಯಾರು ಜೋಡಿಸಿದರೂ ಸಂದಿಲ್ಲ. ಜಗಳ ತೀರಿತೆಂದು ಎಲ್ಲರೂ ನಿಟ್ಟುಸಿರು ಬಿಟ್ಟರು. ಆದರೆ ವ್ಯೂಹ ದೋಷರಹಿತವಾದೊಡನೆ ರೆಕ್ಕೆಯ ಚೆಂಡಿನ ಪತನ ಹೆಚ್ಚುಕಡಿಮೆ ನಿಶ್ಚಯವೇ ಆಯಿತು. ಆಟಕ್ಕೆ ಬೇಕಾದ ಅನಿಶ್ಚಯವೇ ಬಡವಾಯಿತು. ಆದ್ದರಿಂದ ವ್ಯವಸ್ಥಾಪಕರು ಹೊಸ ಅಡಚಣೆಗಳನ್ನು ಕಲ್ಪಿಸಿದರು. ಅನೇಕ ಪಂದ್ಯಾವಳಿಗಳಲ್ಲಿ ವಜ್ರವನ್ನು ತುಸು ಮುಂದೆ ಸರಿಸಿ, ಹಿಂದೆ ಒಂದನೆಯ ಚೆಂಡು ಇರುತ್ತಿದ್ದ ಬಿಂದುವಿನ ಮೇಲೆ ಒಂಬತ್ತನೆಯದನ್ನು ಇಟ್ಟರು. ಇಂಥ ಚೌಕದೊಳಗಿಂದಲೇ ಹೊಡೆಯಬೇಕೆಂದು ಗೆರೆ ಎಳೆದರು. ಗೆದ್ದವನೇ ಒಡೆಯುವ ಬದಲು ಸರದಿಯಂತೆ ಒಡೆಯಲಿ ಎಂದರು. ಆಟಗಾರರು ಸುಮ್ಮನಿದ್ದರೇ? ಹೊಸ ಜೋಡಣೆಯಲ್ಲಿ ಒಂದನೆಯ ಚೆಂಡನ್ನೇ ಪಕ್ಕದ ಪಾಕೆಟ್ಟಿಗೆ ಇಳಿಸುವ ಹಾದಿಯನ್ನು ಹುಡುಕಿಕೊಂಡರು.

ಇಂಗ್ಲಿಷರ ದಂಡು ನಮ್ಮ ದೇಶದಲ್ಲಿ ಬೆಳೆಸಿದ್ದು ಬಿಲಿಯರ್ಡ್ಸನ್ನೂ ಸ್ನೂಕರನ್ನೂ. 1958ರಲ್ಲಿ ವಿಲ್ಸನ್‌ ಜೋನ್ಸ್‌ ವಿಶ್ವ ಪ್ರಶಸ್ತಿ ಗಳಿಸಿದ್ದೂ, ಬೆಂಗಳೂರಿನ ಪಂಕಜ್‌ ಅಡ್ವಾಣಿ ಅನೇಕ ಸಲ ಗಳಿಸಿದ್ದೂ ಆ ಆಟಗಳಲ್ಲಿ. ಪೂಲ್‌ ನಮಗೆ ತಡವಾಗಿ ಬಂದ ನೆಂಟ. ಆದರೂ ಈ ಅನ್ಯದೇಶದ ಚರಿತ್ರೆಯಲ್ಲಿ ನನಗೆ ಪರಿಚಿತವಾದದ್ದೇನೋ ಕಾಣುತ್ತದೆ. ಪರಸ್ಪರ ನಂಬಿಕೆ ಸಾಲದಾದಾಗ ಮನುಷ್ಯ ನಿಯಮವನ್ನು ತರುತ್ತಾನೆ; ನಿಯಮ ಸಾಲದಾದಾಗ ಯಂತ್ರವನ್ನು ತರುತ್ತಾನೆ; ಯಂತ್ರ ಎಲ್ಲವನ್ನೂ ಸಮಮಾಡಿದಾಗ ಆಟ ಸಪ್ಪೆಯಾಯಿತೆಂದು ಅವನೇ ಮರುಗುತ್ತಾನೆ. ಮೋಸದ ಸಂದನ್ನು ಮುಚ್ಚಬೇಕು, ಅದೃಷ್ಟದ ಸಂದನ್ನು ಉಳಿಸಬೇಕು. ಎರಡೂ ಒಂದೇ ಕೂದಲೆಳೆಯಷ್ಟು ಅಗಲವಾಗಿರುವುದೇ ಕಷ್ಟ. ಒಂಬತ್ತು ಚೆಂಡುಗಳನ್ನು ಜೋಡಿಸುವ ಕೈ ಒಂದು ಶತಮಾನದಿಂದ ಆ ಎರಡು ಸಂದುಗಳ ನಡುವಿನ ವ್ಯತ್ಯಾಸವನ್ನು ತಡಕುತ್ತಲೇ ಇದೆ.