ಮುತ್ತಜ್ಜಿಯ ತವರು ಯಾವ ಊರು? ಮನೆತನದ ಇತಿಹಾಸ ಹುಡುಕೋಕೆ ಶುರು ಮಾಡೋದು ಹೇಗೆ

ನಿಮ್ಮ ಅಜ್ಜನ ಅಪ್ಪನ ಹೆಸರು ನಿಮಗೆ ಗೊತ್ತಿರಬಹುದು. ಅಜ್ಜಿಯ ಅಮ್ಮನ ಹೆಸರೇನು, ಅವರ ತವರು ಯಾವ ಊರು, ಹೇಳಿ ನೋಡೋಣ. ಪುಣೆಯಲ್ಲಿ ಕೂತು ನಾನು ಈ ಪ್ರಶ್ನೆ ಕೇಳಿಕೊಳ್ಳೋ ಹೊತ್ತಿಗೆ, ಉತ್ತರ ಗೊತ್ತಿದ್ದ ನಮ್ಮಜ್ಜಿ ತೀರಿಕೊಂಡು ಎರಡು ವರ್ಷ ಆಗಿತ್ತು. "ಬರೋ ಸೂಟ್ಯಾಗ ಎಲ್ಲಾ ಬರ್ಕೋತೀನಿ ಅಜ್ಜಿ" ಅಂತ ನಾಲ್ಕು ಸಲ ಹೇಳಿದ್ದೆ.

ನಮ್ಮ ಧಾರವಾಡ ಸೀಮೆಯಲ್ಲಿ ವಂಶಾವಳಿ ಅಂದ ಕೂಡಲೇ ನೆನಪಾಗೋರು ಹೆಳವರು. ಎತ್ತಿನ ಮೇಲೆ ಕೂತು ಊರೂರಿಗೆ ಬಂದು, ಒಕ್ಕಲು ಮನೆಗಳ ಮುಂದೆ ಮೂಲಪುರುಷನಿಂದ ಹಿಡಿದು ತಲೆಮಾರುಗಳನ್ನ ಹೇಳಿ, ಕಾಳುಕಡಿ ಪಡೆದು ಹೋಗೋರು. ಈಗಲೂ ಕೆಲವು ಕುಟುಂಬಗಳು ಈ ಕಸುಬು ಬಿಟ್ಟಿಲ್ಲ; ಅವರ ಹತ್ತಿರ ಬರೆದಿಟ್ಟ ಪುಸ್ತಕಗಳೂ ಇರ್ತವೆ. ನಿಮ್ಮೂರಿಗೆ ಬರೋ ಹೆಳವರು ಯಾರು ಅಂತ ಊರಲ್ಲಿರೋ ದೊಡ್ಡಪ್ಪನ್ನ ಕೇಳಿ. ನಾಸಿಕದ ತೀರ್ಥಪುರೋಹಿತರ ಹತ್ತಿರವೂ ಯಾತ್ರೆಗೆ ಬಂದವರ ಹೆಸರು, ಊರು ಬರೆದಿಟ್ಟ ವಹಿಗಳಿವೆ.

ಆದರೆ ಇವೆಲ್ಲ ಬಹುಮಟ್ಟಿಗೆ ಗಂಡಸರ ಸಾಲು. ಹೆಣ್ಣುಮಗಳು ಮದುವೆಯಾಗಿ ಹೊರಗೆ ಹೋದಳು, ಅಲ್ಲಿಗೆ ಮುಗೀತು. ಎಷ್ಟೋ ಮನೆಗಳಲ್ಲಿ ಮದುವೇಲಿ ಅವಳ ಹೆಸರನ್ನೇ ಬದಲಿಸ್ತಿದ್ದರು. ಮುಂಬೈಯಲ್ಲಿರೋ ತುಳುನಾಡಿನವರು ಇದನ್ನ ಕೇಳಿ ನಗ್ತಿರಬಹುದು. ಅಳಿಯಸಂತಾನದ ಮನೆಗಳಲ್ಲಿ ಬಳಿ ಬರೋದೇ ತಾಯಿಯಿಂದ, ಅಲ್ಲಿ ಕೈಬಿಟ್ಟು ಹೋಗೋದು ಅಪ್ಪನ ಕಡೆ!

ಹಾಗಾಗಿ ಕಾಗದದಲ್ಲಿ ಸಿಗದವರಿಂದಲೇ ಶುರು ಮಾಡಿ. ಮನೆಯ ಹಿರಿಯ ಹೆಂಗಸರ ಪಕ್ಕ ಕೂತು ಮೊಬೈಲ್‌ನಲ್ಲಿ ರೆಕಾರ್ಡ್ ಮಾಡ್ಕೊಳ್ಳಿ. "ನಿಮ್ಮ ಜೀವನದ ಬಗ್ಗೆ ಹೇಳಿ" ಅಂದ್ರೆ "ಏನಿದೆ ಹೇಳೋಕೆ" ಅಂತಾರೆ. ಬಾಣಂತನ ಯಾರ ಮನೇಲಾಯ್ತು, ಜಾತ್ರೆಗೆ ಯಾವ ಊರಿಗೆ ಹೋಗ್ತಿದ್ರಿ ಅಂತ ಕೇಳಿ, ಮಾತು ತಾನಾಗಿ ಬರುತ್ತೆ. ಒಬ್ಬೊಬ್ಬರಿಗೆ ಒಂದೊಂದು ಹಾಳೆ ಇಡಿ. ಯಾರು ಹೇಳಿದ್ದು, ಯಾವತ್ತು ಅನ್ನೋದೂ ಅದರಲ್ಲಿರಲಿ. ಇಬ್ಬರು ಬೇರೆ ಬೇರೆ ಹೇಳಿದರೆ ಎರಡನ್ನೂ ಬರೀರಿ. ಶಾಲೆ ದಾಖಲೆಯಲ್ಲಿ ಹುಟ್ಟಿದ ದಿನ ಜೂನ್ 1 ಅಂತಿದ್ದರೆ ನಂಬೋಕೆ ಹೋಗಬೇಡಿ, ಅದು ಬಹುಶಃ ಹೆಡ್‌ಮಾಸ್ತರು ಕೊಟ್ಟ ಹುಟ್ಟುಹಬ್ಬ.

ಆಮೇಲೆ ಕಡತ. 1956ರ ನವೆಂಬರ್ 1ಕ್ಕೆ ಮುಂಚೆ ನಿಮ್ಮೂರು ಯಾವ ಸರ್ಕಾರದ ಕೆಳಗಿತ್ತು ಅನ್ನೋದು ಮುಖ್ಯ. ಧಾರವಾಡ, ಬೆಳಗಾವಿ, ವಿಜಯಪುರ, ಉತ್ತರ ಕನ್ನಡ ಮುಂಬೈ ಕಡೆ. ಬೀದರ್, ಕಲಬುರಗಿ, ರಾಯಚೂರು ಹೈದರಾಬಾದಿಗೆ. ದಕ್ಷಿಣ ಕನ್ನಡ ಮದ್ರಾಸಿಗೆ. ಊರು ಬಿಟ್ಟು ಬಂದ ನಮಗೆ ಇಲ್ಲೊಂದು ಲಾಭ ಇದೆ. ಮುಂಬೈ ಪ್ರಾಂತ್ಯದ ಹಳೇ ಕಡತ ಮುಂಬೈ, ಪುಣೆಯ ಪತ್ರಾಗಾರಗಳಲ್ಲಿವೆ, ಮದ್ರಾಸಿನವು ಚೆನ್ನೈನ ಎಗ್ಮೋರ್‌ನಲ್ಲಿ, ನಿಜಾಮರ ಕಾಲದವು ಹೈದರಾಬಾದಿನ ತಾರ್ನಾಕದಲ್ಲಿ. ಮುಂಬೈ ಕಡೆಯದ್ದು ಎಷ್ಟೋ ಮೋಡಿ ಲಿಪಿಯಲ್ಲಿದೆ, ನಿಜಾಮರದ್ದು ಉರ್ದುವಿನಲ್ಲಿ. ಓದಿ ಹೇಳೋರನ್ನ ಹುಡುಕಬೇಕು. ಆದರೆ ಸರ್ಕಾರ ಬರೆದಿಟ್ಟಿದ್ದು ಹೆಚ್ಚಾಗಿ ಜಮೀನು, ಇನಾಮು, ತೆರಿಗೆಯ ಲೆಕ್ಕ. ಊರು, ಮನೆತನದ ಹೆಸರು ಖಚಿತ ಇಲ್ಲದೆ ಅಲ್ಲಿಗೆ ಹೋದರೆ ದಿನ ಹಾಳು. ನಾನು ಹಾಳು ಮಾಡ್ಕೊಂಡಿದ್ದೀನಿ.

ನನಗೆ ದಾರಿ ತೋರಿಸಿದ್ದು ಅಟ್ಟದ ಮೇಲಿದ್ದ ಹಿತ್ತಾಳೆ ಕೊಡ. ಅಜ್ಜಿಗೆ ಅವರಮ್ಮನಿಂದ ಬಂದದ್ದು. ಹುಣಸೆಹಣ್ಣು ಹಚ್ಚಿ ತಿಕ್ಕಿದಾಗ ಕೊರಳಿನ ಸುತ್ತ ಚುಕ್ಕಿ ಚುಕ್ಕಿಯಾಗಿ ಕೊರೆದ ಅಕ್ಷರ ಕಾಣಿಸ್ತು. ಕೊಟ್ಟವರ ಹೆಸರು, ಊರಿನ ಹೆಸರು. ಗದಗಿನ ಹತ್ತಿರದ ಹಳ್ಳಿ. ಅಲ್ಲಿಗೆ ಹೋಗಿ ವಿಚಾರಿಸಿದೆ. ಆ ಮನೆಯ ಸೊಸೆ, ಎಂಬತ್ತು ದಾಟಿದವರು, ಸಿಕ್ಕರು. ಅಜ್ಜಿಯ ಬಾಯಲ್ಲಿ ಕೇಳಿದ್ದ ಮುತ್ತಜ್ಜಿಯ ಹೆಸರು ಹೇಳಿದೆ.

"ಅವರ್ನ ನಮ್ಮ ಮನ್ಯಾಗ ಆ ಹೆಸರಿಲೆ ಯಾರೂ ಕರೀತಿದ್ದಿಲ್ಲಪಾ" ಅಂದ್ರು. ತವರಿನ ಹೆಸರು ಹೇಳಿದರು. ಬರ್ಕೊಂಡೆ. ಮುತ್ತಜ್ಜಿಯ ಅಮ್ಮನ ಹೆಸರೇನು ಅಂತ ಕೇಳಿದೆ. ಅವರು ಸ್ವಲ್ಪ ಹೊತ್ತು ಯೋಚಿಸಿ, ತಮ್ಮ ನಾದಿನಿಗೆ ಗೊತ್ತಿತ್ತು, ಹೋದ ವರ್ಷ ಹೋದರು ಅಂದ್ರು.